ಸಿಗ್ನಲ್ ಸಿಗದ ಬೆಟ್ಟಕ್ಕೆ ಹೊರಟವರಿಗೊಂದು ಪತ್ರ

ಶನಿವಾರ ಬಂತೆಂದರೆ ಬೆನ್ನಿಗೆ ಚೀಲ ಏರಿಸಿ ಘಟ್ಟದ ಕಡೆ ಹೊರಡುವ ಚಾರಣಿಗರೇ, ಅವರನ್ನು ಕರೆದೊಯ್ಯುವ ಗುಂಪುಗಳ ಮುಂದಾಳುಗಳೇ,

2022ರ ಫೆಬ್ರುವರಿಯಲ್ಲಿ, ಎರಡು ವಾರದೊಳಗೆ, ಇಬ್ಬರು ಯುವಕರು ಬಂಡೆಗಳ ನಡುವೆ ಸಿಕ್ಕಿಕೊಂಡು ಸುದ್ದಿಯಾದರು. ಮೊದಲನೆಯವನು ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಲಂಪುಳದವನು. ಗೆಳೆಯರ ಜೊತೆ ಊರ ಪಕ್ಕದ ಬೆಟ್ಟ ಹತ್ತಿ, ಕಾಲು ಜಾರಿ, ಹತ್ತಲೂ ಆಗದ ಇಳಿಯಲೂ ಆಗದ ಸಂದಿಯಲ್ಲಿ ಸಿಲುಕಿದ. ಕೈಯಲ್ಲಿ ಫೋನಿತ್ತು. ತಾನಿದ್ದ ಜಾಗದ ಫೋಟೊ ತೆಗೆದು ಕಳಿಸಿದ. ಆಮೇಲೆ ಬ್ಯಾಟರಿ ಮುಗಿಯಿತು. ನಲವತ್ತು ಗಂಟೆಗೂ ಹೆಚ್ಚು ಹೊತ್ತು ಅನ್ನ ನೀರಿಲ್ಲದೆ ಕೂತಿದ್ದವನನ್ನು ಫೆಬ್ರುವರಿ 9ರಂದು ಸೇನೆಯವರು ಹಗ್ಗದ ನೆರವಿನಿಂದ ಮೇಲೆತ್ತಿದರು. ಆ ಕೆಲಸಕ್ಕೆ ಹೋದವರಲ್ಲಿ ಬೆಂಗಳೂರಿನಿಂದ ಬಂದ ಯೋಧರೂ ಇದ್ದರು. ಎರಡನೆಯವನು ಬೆಂಗಳೂರಿನಲ್ಲಿ ಓದುತ್ತಿದ್ದ 19ರ ವಿದ್ಯಾರ್ಥಿ. ಫೆಬ್ರುವರಿ 20ರ ಭಾನುವಾರ ನಂದಿಬೆಟ್ಟದ ಬ್ರಹ್ಮಗಿರಿ ಕಡೆ ಸುಮಾರು 300 ಅಡಿ ಜಾರಿ ಬಿದ್ದ. ಬಿದ್ದಲ್ಲಿಂದಲೇ ಫೋನಿನಲ್ಲಿ ತನ್ನ ಲೊಕೇಶನ್ ಕಳಿಸಿದ. ಯಲಹಂಕದಿಂದ ಬಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಅದೇ ದಿನ ಅವನನ್ನು ಎತ್ತಿಕೊಂಡು ಹೋಯಿತು.

ಇಬ್ಬರ ಬಳಿಯೂ ಇದ್ದದ್ದು ಎಲ್ಲರ ಜೇಬಿನಲ್ಲಿರುವಂಥದೇ ಫೋನು. ಇಬ್ಬರಿಗೂ ಅದೃಷ್ಟಕ್ಕೆ ಸಿಗ್ನಲ್ ಸಿಕ್ಕಿತು. ಆದರೆ ನೀವು ಹೋಗುವ ಜಾಗಗಳು ಬಹುಪಾಲು ನಂದಿಬೆಟ್ಟದಂತಿಲ್ಲ. ಕುಮಾರಪರ್ವತದ ಶೋಲಾ ಕಾಡಿನ ಹಳ್ಳಗಳಲ್ಲಿ, ಕುದುರೆಮುಖದ ಹುಲ್ಲುಗುಡ್ಡಗಳ ಆಚೆ ಮಗ್ಗುಲಲ್ಲಿ ಫೋನಿನ ಮೇಲ್ತುದಿಯ ಗೆರೆಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಅಲ್ಲಿ ಕಾಲು ಉಳುಕಿದರೆ, ಮಂಜು ಕವಿದು ದಾರಿ ತಪ್ಪಿದರೆ, ಹಳ್ಳ ಏರಿ ಈಚೆ ದಡದಲ್ಲೇ ರಾತ್ರಿ ಕಳೆಯಬೇಕಾದರೆ ಚೀಲದಲ್ಲಿ ಏನಿರಬೇಕು, ಫೋನಿನಲ್ಲಿ ಏನಿರಬೇಕು ಎಂಬುದಷ್ಟೇ ಈ ಪತ್ರದ ವಿಷಯ.

ಈ ಪ್ರಶ್ನೆಯನ್ನು ಆಟವಾಗಿ ಆಡುವ ರೂಢಿ ಹಳೆಯದು. ಬಿಬಿಸಿ ರೇಡಿಯೊದಲ್ಲಿ 1942ರಿಂದ ನಡೆದುಬಂದಿರುವ ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’ ಕಾರ್ಯಕ್ರಮದಲ್ಲಿ ಅತಿಥಿಗಳು ನಿರ್ಜನ ದ್ವೀಪಕ್ಕೆ ಒಯ್ಯಲು ಎಂಟು ಧ್ವನಿಮುದ್ರಿಕೆ, ಒಂದು ಪುಸ್ತಕ, ಒಂದು ಐಷಾರಾಮದ ವಸ್ತು ಆರಿಸಬೇಕು. ಆ ವಸ್ತು ದ್ವೀಪದಿಂದ ತಪ್ಪಿಸಿಕೊಳ್ಳಲು ನೆರವಾಗುವಂಥದಾಗಿರಬಾರದು ಎಂಬುದು ನಿಯಮ. ಚಾರಣದ ಅಂಗಡಿಗಳ ಜಾಹೀರಾತು ನೋಡಿದರೆ ನಮ್ಮವರೂ ಅದೇ ನಿಯಮಕ್ಕೆ ಬದ್ಧರಾದಂತೆ ಕಾಣುತ್ತದೆ. ಬ್ಲೂಟೂತ್ ಸ್ಪೀಕರ್, ಮಡಚುವ ಸೋಲಾರ್ ಹಲಗೆ, ಹದಿನಾಲ್ಕು ಕೆಲಸ ಮಾಡುವ ಚಾಕು, ಡ್ರೋನ್. ಸ್ಪೀಕರನ್ನಂತೂ ಕಾಡಿಗೆ ಒಯ್ಯಲೇಬೇಡಿ; ಅದು ಬೇರೆಯದೇ ಜಗಳ.

ಮೊದಲು ನಕ್ಷೆಯ ಮಾತು. ಸಿಗ್ನಲ್ ಹೋದರೆ ಜಿಪಿಎಸ್ಸೂ ಹೋಯಿತು ಎಂದು ನಂಬಿದವರು ಇವತ್ತಿಗೂ ಬಹಳ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಮೇಲಿನಿಂದ ಕಳಿಸುವ ಸಂಕೇತವನ್ನು ಫೋನು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅದಕ್ಕೆ ಟವರ್ ಬೇಡ, ಸಿಮ್ ಬೇಡ, ಡೇಟಾ ಬೇಡ. ಡೇಟಾ ಬೇಕಾಗುವುದು ಆ ಬಿಂದುವಿನ ಹಿಂದೆ ನಕ್ಷೆ ಬಿಡಿಸಲು. ಅದಕ್ಕೇ ಕಾಡಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದರೆ ಬೂದು ಬಣ್ಣದ ಬಯಲಿನ ಮೇಲೆ ನೀಲಿ ಚುಕ್ಕೆಯೊಂದು ಒಂಟಿಯಾಗಿ ಕಾಣುತ್ತದೆ. ಗೂಗಲ್ ಮ್ಯಾಪ್ಸನ್ನು ಮೊದಲೇ ಆಫ್‌ಲೈನ್‌ಗೆ ಇಳಿಸಿಕೊಂಡರೂ ಗಾಡಿಯ ದಾರಿ ತೋರಿಸುತ್ತದೆಯೇ ಹೊರತು ನಡೆಯುವ ದಾರಿಯನ್ನಲ್ಲ. ಈ ಕೆಲಸಕ್ಕೆ ಸರಿಯಾದವು ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸುವ ಓಎಸ್‌ಎಂಆ್ಯಂಡ್ ಮತ್ತು ಆರ್ಗ್ಯಾನಿಕ್ ಮ್ಯಾಪ್ಸ್. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸ್ವಯಂಸೇವಕರು ನಡೆದು ನಡೆದು ಗುರುತಿಸಿದ ಕಾಲುದಾರಿಗಳಿವೆ, ಹಳ್ಳಗಳಿವೆ. ಎತ್ತರದ ಗೆರೆಗಳನ್ನೂ ಈ ಆಪ್‌ಗಳು ತೋರಿಸುತ್ತವೆ. ಎತ್ತರದ ಗೆರೆ ಓದಲು ಬಂದರೆ ಮುಂದೆ ಇರುವುದು ಇಳಿಜಾರೋ ಪ್ರಪಾತವೋ ಎಂದು ಮಂಜಿನಲ್ಲೂ ತಿಳಿಯುತ್ತದೆ.

ಆದರೆ ಆಪ್ ಹಾಕಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕರ್ನಾಟಕದ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಬೇಕು. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬೀದಿಗಿಳಿದು, ಆಪ್ ತೆರೆದು ನೋಡಬೇಕು. ನಕ್ಷೆ ಕಂಡರೆ ಸರಿ. ಕಾಣದಿದ್ದರೆ ಬೆಟ್ಟದಲ್ಲೂ ಕಾಣುವುದಿಲ್ಲ. ಹತ್ತುವಾಗಲೇ ನಡೆದ ದಾರಿಯನ್ನು ದಾಖಲಿಸುವ ಸೌಲಭ್ಯ ಒತ್ತಿಟ್ಟರೆ, ದಾರಿ ತಪ್ಪಿದಾಗ ಬಂದ ಜಾಡನ್ನೇ ಹಿಡಿದು ಹಿಂದಿರುಗಬಹುದು. ಸ್ವಯಂಸೇವಕರು ಗುರುತಿಸಿದ ದಾರಿ ನಾಲ್ಕು ಮಳೆಗಾಲ ಕಳೆದ ಮೇಲೆ ಮುಚ್ಚಿಹೋಗಿರಬಹುದು, ದರೆ ಕುಸಿದಿರಬಹುದು. ಬೆಳಿಗ್ಗೆ ನೀವೇ ತುಳಿದ ದಾರಿಯ ಬಗ್ಗೆ ಆ ಅನುಮಾನವಿಲ್ಲ. ಇನ್ನೊಂದು ಸಣ್ಣ ಸಂಗತಿ: ಪಟ್ಟಣದಲ್ಲಿ ಫೋನು ಕ್ಷಣದಲ್ಲೇ ನಿಮ್ಮ ಜಾಗ ಹೇಳುವುದು ಮೊಬೈಲ್ ಜಾಲದ ನೆರವಿನಿಂದ. ಕಾಡಿನಲ್ಲಿ ಆ ನೆರವಿಲ್ಲದೆ, ದಟ್ಟ ಮರಗಳ ಕೆಳಗೆ, ಅದಕ್ಕೆ ಹಲವು ನಿಮಿಷ ಬೇಕಾಗಬಹುದು. ಬಯಲಿಗೆ ಬಂದು, ಫೋನನ್ನು ಆಕಾಶಕ್ಕೆ ಕಾಣುವಂತೆ ಹಿಡಿದು ಕಾಯಬೇಕು. ಗಾಬರಿಯಾಗಿ ಆಪನ್ನು ಮುಚ್ಚಿ ತೆರೆದು ಮಾಡುತ್ತಿದ್ದರೆ ಇನ್ನೂ ತಡ.

ಜಾಗ ಗೊತ್ತಾದ ಮೇಲೆ ಅದನ್ನು ಇನ್ನೊಬ್ಬರಿಗೆ ಹೇಳಲು ಬರಬೇಕು. ಇಲ್ಲಿ ಎಡವುವವರೇ ಹೆಚ್ಚು. ವಾಟ್ಸ್‌ಆ್ಯಪ್ ಲೈವ್ ಲೊಕೇಶನ್‌ಗೆ ಡೇಟಾ ಬೇಕು, ಅದೂ ಎಡೆಬಿಡದೆ. ಬೆಟ್ಟದ ತುದಿಯಲ್ಲಿ ಒಂದು ಗೆರೆ ಸಿಗ್ನಲ್ ಬಂದು ಹೋಗುವ ಹೊತ್ತಿನಲ್ಲಿ ದಾಟಿಹೋಗುವುದು ಎಸ್ಸೆಮ್ಮೆಸ್ಸು ಮಾತ್ರ. ಆದ್ದರಿಂದ ಅಕ್ಷಾಂಶ ರೇಖಾಂಶಗಳ ಎರಡು ಅಂಕಿಗಳನ್ನು ನಕಲು ಮಾಡಿ ಸಾದಾ ಮೆಸೇಜಿನಲ್ಲಿ ಕಳಿಸುವುದನ್ನು ಮನೆಯಲ್ಲೇ ಕಲಿತಿರಿ. ದಶಾಂಶ ಚುಕ್ಕೆಯ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು ಹನ್ನೊಂದು ಮೀಟರ್‌ವರೆಗೆ ನಿಖರ. ಹುಡುಕಿ ಬರುವವರಿಗೆ ಅದು ಧಾರಾಳ. ಕರ್ನಾಟಕದೊಳಗೆ ಎಲ್ಲೇ ಇದ್ದರೂ ಮೊದಲ ಅಂಕಿ 11ರಿಂದ 18ರೊಳಗೆ, ಎರಡನೆಯದು 74ರಿಂದ 78ರೊಳಗೆ ಶುರುವಾಗಬೇಕು. ಫೋನಿನಲ್ಲಿ ಬರೆದುಕೊಂಡವರು ಎರಡನ್ನೂ ಅದಲು ಬದಲು ಮಾಡಿದರೆ ಈ ಲೆಕ್ಕದಿಂದ ಕೂಡಲೇ ಗೊತ್ತಾಗುತ್ತದೆ.

ತುರ್ತು ಕರೆಗೆ ಸಂಖ್ಯೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಪರದೆಯ ಮೇಲೆ ‘ತುರ್ತು ಕರೆ ಮಾತ್ರ’ ಎಂದು ಬಂದಿದ್ದರೆ ಬೇರೆ ಕಂಪನಿಯ ಟವರ್ ಸಿಕ್ಕಿದೆ ಎಂದರ್ಥ; 112ಕ್ಕೆ ಕರೆ ಹೋಗುವ ಸಾಧ್ಯತೆಯಿದೆ. 2017ರಿಂದ ಭಾರತದಲ್ಲಿ ಮಾರಾಟವಾಗುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಕಡ್ಡಾಯ: ಸ್ಮಾರ್ಟ್‌ಫೋನಾದರೆ ಪವರ್ ಗುಂಡಿಯನ್ನು ಸರಸರ ಮೂರು ಸಲ ಒತ್ತುವುದು, ಕೀಪ್ಯಾಡ್ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿಯುವುದು. ಕೆಲವು ಕಂಪನಿಗಳು ಒತ್ತುವ ಕ್ರಮವನ್ನು ಬೇರೆ ಮಾಡಿಟ್ಟಿರುತ್ತವೆ, ನಿಮ್ಮ ಫೋನಿನ ಸೆಟ್ಟಿಂಗ್ ಒಮ್ಮೆ ನೋಡಿ. ಮಳೆಯಲ್ಲಿ ತೊಯ್ದ ಬೆರಳಿಗೆ ಟಚ್ ಸ್ಕ್ರೀನ್ ಓಗೊಡುವುದಿಲ್ಲ, ಹನಿ ಬಿದ್ದ ಕಡೆಯೆಲ್ಲ ತಾನೇ ಒತ್ತಿಕೊಳ್ಳುತ್ತದೆ. ಗುಂಡಿಯ ಬೆಲೆ ಆಗ ತಿಳಿಯುತ್ತದೆ.

ಈ ಕಾರಣಕ್ಕೇ ಗುಂಪಿನಲ್ಲಿ ಒಂದಾದರೂ ಹಳೇ ಕಾಲದ ಕೀಪ್ಯಾಡ್ ಫೋನ್ ಇರಲಿ. ಬೆಲೆ ಒಂದೆರಡು ಸಾವಿರ, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತದೆ. ಅದಕ್ಕೆ ಉಳಿದವರ ಸಿಮ್ ಕಂಪನಿ ಬಿಟ್ಟು ಬೇರೆ ಕಂಪನಿಯ ಸಿಮ್ ಹಾಕಿ. ಯಾವ ಕಂಪನಿ ಎಂದು ಬೆಂಗಳೂರಿನಲ್ಲಿ ಕೂತು ಊಹಿಸಬೇಡಿ; ಬೆಟ್ಟದ ಬುಡದ ಹೋಟೆಲಿನವರನ್ನು ಕೇಳಿ. ‘ಇಲ್ಲಿ ಯಾವುದು ಸಿಗುತ್ತೆ?’ ಎಂಬ ಪ್ರಶ್ನೆಗೆ ಮಲೆನಾಡಿನಲ್ಲಿ ಪ್ರತಿಯೊಬ್ಬರ ಬಳಿಯೂ ಉತ್ತರವಿರುತ್ತದೆ. ಜೊತೆಗೆ, ಕರೆಂಟ್ ಹೋದರೆ ಟವರ್ ಎಷ್ಟು ಹೊತ್ತು ಜೀವ ಹಿಡಿದಿರುತ್ತದೆ ಎಂಬುದನ್ನೂ ಅವರೇ ಹೇಳುತ್ತಾರೆ.

ಇನ್ನು ವಿದ್ಯುತ್ತು. ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದು ಬರೆದಿದ್ದರೆ, 5,000 ಎಂಎಎಚ್ ಫೋನು ಎರಡು ಸಲ ತುಂಬುತ್ತದೆ ಎಂದು ಲೆಕ್ಕ ಹಾಕುವುದು ಸಹಜ. ಆಗುವುದಿಲ್ಲ. ಆ ಅಂಕಿ ಒಳಗಿನ ಸೆಲ್ಲಿನ 3.7 ವೋಲ್ಟ್‌ಗೆ ಸಂಬಂಧಿಸಿದ್ದು. ಒಟ್ಟು 37 ವ್ಯಾಟ್-ಅವರ್. ಅದನ್ನು 5 ವೋಲ್ಟ್‌ಗೆ ಏರಿಸಿ ಫೋನಿಗೆ ತುಂಬುವಾಗ ಮೂರನೇ ಒಂದು ಭಾಗದಷ್ಟು ಶಾಖವಾಗಿ ಸೋರಿಹೋಗುತ್ತದೆ. ಕೈಗೆ ಸಿಗುವುದು ಒಂದೂಕಾಲು ಚಾರ್ಜು. ಎರಡು ಹಗಲು ಒಂದು ರಾತ್ರಿಗೆ ಇಷ್ಟು ಸಾಕು, ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿಟ್ಟಿದ್ದರೆ. ಸಿಗ್ನಲ್ಲಿಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ನಡೆಯುತ್ತದೆ, ಕ್ಯಾಮೆರಾ ನಡೆಯುತ್ತದೆ, ಟಾರ್ಚು ನಡೆಯುತ್ತದೆ. ಹಿಮಾಲಯಕ್ಕೆ ಹೋಗುವವರಿಗೆ ಎರಡು ಮಾತು ಹೆಚ್ಚಿಗೆ: ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರಿದರೆ ವಿಮಾನ ಕಂಪನಿಯ ಅನುಮತಿ ಬೇಕು, ಮತ್ತು ಚಳಿಗೆ ಲಿಥಿಯಂ ಬ್ಯಾಟರಿ ಕುಗ್ಗುತ್ತದೆ, ಆದ್ದರಿಂದ ರಾತ್ರಿ ಫೋನನ್ನು ಚೀಲದಲ್ಲಲ್ಲ, ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ಸೋಲಾರ್ ಹಲಗೆ ಲಡಾಖಿನ ಬಿಸಿಲಿಗೆ ಒಳ್ಳೆಯದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಆಗುಂಬೆಯಲ್ಲಿ, ಜುಲೈ ತಿಂಗಳಲ್ಲಿ, ಅದನ್ನು ತಲೆಯ ಮೇಲೆ ಹಿಡಿದುಕೊಳ್ಳಬಹುದು.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಕೊಂಡರಾಯಿತಲ್ಲ ಎಂದು ವಿದೇಶದಲ್ಲಿರುವ ಅಣ್ಣನೋ ಗೆಳತಿಯೋ ಹೇಳಿರಬಹುದು. ಅಮೆರಿಕ, ಯುರೋಪಿನ ಚಾರಣಿಗರ ಬಳಿ ಗಾರ್ಮಿನ್ ಇನ್‌ರೀಚ್ ಸಾಮಾನ್ಯ. ಭಾರತದಲ್ಲಿ ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಗಳ ಕಾಲದಿಂದ ರೇಡಿಯೊ ಉಪಕರಣಕ್ಕೆ ಪರವಾನಗಿ ಬೇಕೆಂಬ ನಿಯಮವಿದೆ. 2008ರ ಮುಂಬೈ ದಾಳಿಯಲ್ಲಿ ಉಗ್ರರು ಸ್ಯಾಟಲೈಟ್ ಫೋನ್ ಬಳಸಿದ ಮೇಲೆ ಜಾರಿ ಇನ್ನಷ್ಟು ಬಿಗಿಯಾಯಿತು. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಇದೇ ಸಾಧನಕ್ಕಾಗಿ ತಡೆದು ಪ್ರಕರಣ ಹೂಡಲಾಯಿತು. ಐಫೋನ್‌ನಲ್ಲಿ 2022ರ ನವೆಂಬರ್‌ನಿಂದ ಅಮೆರಿಕ, ಕೆನಡಾಗಳಲ್ಲಿ ಶುರುವಾದ ಉಪಗ್ರಹ ಎಸ್ಒಎಸ್ ಸೇವೆಯನ್ನೂ ಇಲ್ಲಿನ ಬೆಟ್ಟಗಳಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಕಾನೂನಿನ ದಾರಿ ಬಿಎಸ್ಎನ್ಎಲ್ ಕೊಡುವ ಪರವಾನಗಿ ಸಹಿತ ಸ್ಯಾಟಲೈಟ್ ಫೋನ್. ಅದು ಒಬ್ಬ ಚಾರಣಿಗನ ಜೇಬಿಗೆ ನಿಲುಕುವಂಥದಲ್ಲ. ಸಂಸ್ಥೆ, ಇಲಾಖೆಗಳ ಮಟ್ಟದ್ದು.

ಇದರಲ್ಲೊಂದು ವಿಪರ್ಯಾಸ ಬೆಂಗಳೂರಿನವರಿಗೆ ತಿಳಿದಿರಲಿ. 406 ಮೆಗಾಹರ್ಟ್ಸ್‌ನಲ್ಲಿ ಆಪತ್ತಿನ ಸಂಕೇತ ಬಿಟ್ಟರೆ ಉಪಗ್ರಹಗಳು ಅದನ್ನು ಹಿಡಿದು ರಕ್ಷಣಾ ಕೇಂದ್ರಗಳಿಗೆ ಮುಟ್ಟಿಸುವ ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಿದೆ. 1982ರ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಬಿದ್ದ ಪುಟ್ಟ ವಿಮಾನದ ಮೂವರನ್ನು ಉಳಿಸಿದ್ದು ಇದರ ಮೊದಲ ಯಶಸ್ಸು. ಭಾರತದ ಪಾಲಿನ ಸಂಕೇತಗಳನ್ನು ಆಲಿಸುವ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲೇ, ಇಸ್ರೊದ ಇಸ್ಟ್ರ್ಯಾಕ್‌ನಲ್ಲಿ. ಹಡಗು, ವಿಮಾನಗಳಲ್ಲಿ ಈ ಬೀಕನ್ ಇರುತ್ತದೆ. ಮೀನುಗಾರರಿಗಾಗಿ ಇಸ್ರೊ ಬೇರೆಯೇ ಒಂದು ಆಪತ್ ಸಾಧನ ಮಾಡಿದೆ. ಅದರ ಎರಡನೇ ಪೀಳಿಗೆಯ ಮಾದರಿ, ಸಂದೇಶ ಮುಟ್ಟಿತೆಂದು ದೋಣಿಗೆ ಮರುಉತ್ತರವನ್ನೂ ಕೊಡುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಗಿ, 2019ರ ಬೇಸಿಗೆಯಲ್ಲಷ್ಟೇ ಮಹಾರಾಷ್ಟ್ರದ ಮಾಲ್ವಣ್ ಬಳಿ ಅವಶೇಷ ಸಿಕ್ಕಿದ್ದನ್ನು ಕಂಡ ಕರಾವಳಿಗೆ ಇಂಥ ಸಾಧನದ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ಬೆಟ್ಟ ಹತ್ತುವವರಿಗೆ ಅಂಥದೊಂದನ್ನು ದಿನದ ಬಾಡಿಗೆಗೆ ಕೊಡುವ ಏರ್ಪಾಡು ಮಾಡಿ ಎಂದು ಅರಣ್ಯ ಇಲಾಖೆಯನ್ನು, ಇಸ್ರೊವನ್ನು ಕೇಳಬೇಕಾದವರು ನೀವೇ. ಚಾರಣಕ್ಕೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ ಶುಲ್ಕ ಕಟ್ಟುವ ಪದ್ಧತಿ ಹೇಗೂ ಬಂದಿದೆ.

ಅಲ್ಲಿಯವರೆಗೆ ರೇಡಿಯೊ. 446 ಮೆಗಾಹರ್ಟ್ಸ್ ಆಸುಪಾಸಿನ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ 2018ರಿಂದ ಪರವಾನಗಿ ಬೇಕಿಲ್ಲ. ಡಬ್ಬದ ಮೇಲೆ ಐದು ಕಿ.ಮೀ. ಎಂದಿದ್ದರೂ ಕಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಮಾತು ನಿಂತಿತು. ಆದರೂ ಗುಂಪಿನ ಮುಂದಿರುವವನಿಗೂ ಹಿಂದಿರುವವನಿಗೂ ನಡುವೆ ಅದು ಸಾಕು. ದಾರಿ ತಪ್ಪುವುದು ಹೆಚ್ಚಾಗಿ ಆ ನಡುವಿನಲ್ಲೇ. ಇಂಟರ್ನೆಟ್ಟಿನಲ್ಲಿ ಅಗ್ಗಕ್ಕೆ ಸಿಗುವ ಹೆಚ್ಚು ಶಕ್ತಿಯ ಸೆಟ್‌ಗಳ ಕತೆ ಬೇರೆ, ಅವಕ್ಕೆ ಪರವಾನಗಿ ಬೇಕು. ಆಸಕ್ತಿಯಿದ್ದವರು ಹ್ಯಾಮ್ ರೇಡಿಯೊ ಪರವಾನಗಿಯ ಪರೀಕ್ಷೆ ಕಟ್ಟಲಿ. ಹನ್ನೆರಡು ದಾಟಿದ ಯಾರೂ ಬರೆಯಬಹುದು.

ಬೇಡದ ಆಪ್‌ಗಳ ಪಟ್ಟಿಯೂ ಮಾಡಿಕೊಳ್ಳುವುದು ಒಳ್ಳೆಯದು. ಹಕ್ಕಿ ಗುರುತಿಸುವ ಮರ್ಲಿನ್ ಸಂತೋಷಕ್ಕಿರಲಿ; ಪ್ಯಾಕ್ ಇಳಿಸಿಕೊಂಡಿದ್ದರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಹಾವು ಗುರುತಿಸುವ ಆಪನ್ನು ಮಾತ್ರ ಕಚ್ಚಿಸಿಕೊಂಡ ಮೇಲೆ ತೆರೆಯಬೇಡಿ. ಭಾರತದಲ್ಲಿ ಸಿಗುವ ಎಎಸ್‌ವಿ ಚುಚ್ಚುಮದ್ದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸೇರಿ ಒಂದೇ. ಹಾವಿನ ಹೆಸರು ಹುಡುಕುವ ಹತ್ತು ನಿಮಿಷಕ್ಕಿಂತ ಆಸ್ಪತ್ರೆಯ ಕಡೆ ಹೊರಡುವ ಹತ್ತು ನಿಮಿಷ ಮುಖ್ಯ. ಅದಕ್ಕೆ ಬೇಕಾದ್ದು ಬೇರೆ ಸಿದ್ಧತೆ: ಬೆಟ್ಟದ ಬುಡಕ್ಕೆ ಹತ್ತಿರದ, ಈ ಮದ್ದು ಇಟ್ಟಿರುವ ಸರ್ಕಾರಿ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ ಆಫ್‌ಲೈನ್ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುವುದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಓದುವ ಹುಚ್ಚಿರುವವರಿಗೆ ಕಿವಿಕ್ಸ್ ಇದೆ. ವಿಕಿಪೀಡಿಯವನ್ನೇ ಕಟ್ಟಿ ಫೋನಿಗಿಳಿಸುವ, 2007ರಲ್ಲಿ ಶುರುವಾದ ಉಚಿತ ತಂತ್ರಾಂಶ. ಇಂಗ್ಲಿಷಿನ ಪೂರ್ತಿ ವಿಕಿಪೀಡಿಯ ಚಿತ್ರಸಹಿತ ನೂರು ಜಿಬಿ ಮೀರುತ್ತದೆ. ಕನ್ನಡದ್ದು ಮಾಮೂಲಿ ಫೋನಿನಲ್ಲೂ ಹಿಡಿಸುತ್ತದೆ. ವೈದ್ಯಕೀಯ ಲೇಖನಗಳ ಕಟ್ಟು ಪ್ರತ್ಯೇಕ ಸಿಗುತ್ತದೆ. ನಿಜವಾಗಿ ಸಿಕ್ಕಿಕೊಂಡ ರಾತ್ರಿ ಅದನ್ನು ಓದುವ ಬ್ಯಾಟರಿ ಇರುತ್ತದೆಯೇ ಎಂಬುದು ಅನುಮಾನ. ಪ್ರಥಮ ಚಿಕಿತ್ಸೆಯನ್ನು ತಲೆಯಲ್ಲೇ ಒಯ್ಯಿರಿ.

ಚಾರ್ಜು ಬೇಡದ ಸಾಮಾನುಗಳೂ ಉಪಕರಣಗಳೇ. ವಿಷಲ್ ಒಂದಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಪರ್ವತಗಳಲ್ಲಿ ಇದು ಆಪತ್ತಿನ ಕರೆ. ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರಿಸುತ್ತಾರೆ. ಕತ್ತಲಲ್ಲಿ ಟಾರ್ಚಿಗೂ ಇದೇ ಲೆಕ್ಕ. ಕೂಗಿ ಕೂಗಿ ಗಂಟಲು ಅರ್ಧ ಗಂಟೆಯಲ್ಲಿ ಒಡೆಯುತ್ತದೆ, ವಿಷಲ್ ರಾತ್ರಿಯಿಡೀ ಬಾಳುತ್ತದೆ. ತಲೆಗೆ ಕಟ್ಟುವ ಟಾರ್ಚು ಕಡ್ಡಾಯ, ಯಾಕೆಂದರೆ ಫೋನಿನ ಟಾರ್ಚು ಉರಿಸಿದರೆ ಸಹಾಯ ಕರೆಯಬೇಕಾದ ಬ್ಯಾಟರಿಯೇ ಉರಿದುಹೋಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕುಮಾರಪರ್ವತದಿಂದ ಇಳಿಯುವಾಗ ದಾರಿ ತಪ್ಪಿದ ಬೆಂಗಳೂರಿನ ಯುವಕನೊಬ್ಬ ಎರಡು ದಿನದ ಮೇಲೆ ಸುಬ್ರಹ್ಮಣ್ಯದ ಕಡೆ ಬಂದು ಸೇರಿದ್ದು ಯಾವ ಆಪಿನಿಂದಲೂ ಅಲ್ಲ, ಕಾಡಿನಲ್ಲಿ ಹಾದುಹೋಗಿದ್ದ ನೀರಿನ ಪೈಪು ಹಿಡಿದು. ಬೆಚ್ಚನೆ ಬಟ್ಟೆಯ ಬದಲಿಗೆ ಯಾವ ಯಂತ್ರವೂ ಬಾರದು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕ, ಬೆಂಗಳೂರಿನವರೇ ಹೆಚ್ಚಿದ್ದ 22 ಮಂದಿಯ ತಂಡದಲ್ಲಿ ಒಂಬತ್ತು ಜನ ಉಳಿಯಲಿಲ್ಲ. ಉಳಿದ ಹದಿಮೂರು ಮಂದಿಯನ್ನು ಪಾರುಮಾಡಲು ವಾಯುಪಡೆ ಮತ್ತು ರಾಜ್ಯ ವಿಪತ್ತು ಪಡೆಯವರು ಬರಬೇಕಾಯಿತು. ಅಂಥ ಎತ್ತರದಲ್ಲಿ, ಅಂಥ ಗಾಳಿಯಲ್ಲಿ, ಸುದ್ದಿ ಕೆಳಗೆ ಮುಟ್ಟುವುದಕ್ಕೂ ನೆರವು ಮೇಲೆ ಬರುವುದಕ್ಕೂ ನಡುವಿನ ಗಂಟೆಗಳನ್ನು ದಾಟಿಸುವುದು ಮೈಮೇಲಿನ ಬಟ್ಟೆ ಮತ್ತು ಆಸರೆ.

ಎಲ್ಲಕ್ಕಿಂತ ಅಗ್ಗದ ಸಾಧನ ಒಂದು ಹಾಳೆ. ಯಾರು ಯಾರು ಹೊರಟಿದ್ದೀರಿ, ಯಾವ ಕಡೆಯಿಂದ ಹತ್ತಿ ಯಾವ ಕಡೆ ಇಳಿಯುತ್ತೀರಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಬರೆದು ಬೆಟ್ಟಕ್ಕೆ ಬಾರದವರೊಬ್ಬರ ಕೈಗೆ ಕೊಟ್ಟು ಹೋಗುವುದು. ಪಟ್ಟಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿದೆ ಎಂದರೆ ಆಗದು. ಆ ಗ್ರೂಪಿನವರೆಲ್ಲ ಬೆಟ್ಟದ ಮೇಲೇ ಇರುತ್ತಾರೆ.

ಮುಂದಾಳುಗಳೇ, ನಿಮ್ಮ ಚಾರಣದ ಪೋಸ್ಟರುಗಳಲ್ಲಿ ಟೆಂಟು, ತಿಂಡಿ, ಕ್ಯಾಂಪ್‌ಫೈರು, ಟೀಶರ್ಟಿನ ವಿವರ ಇರುತ್ತದೆ. ಅದರ ಕೆಳಗೆ ಇನ್ನು ನಾಲ್ಕು ಸಾಲು ಸೇರಿಸಿ: ಗುಂಪಿನ ಎಷ್ಟು ಫೋನುಗಳಲ್ಲಿ ಆಫ್‌ಲೈನ್ ನಕ್ಷೆ ಇದೆ, ವಾಕಿಟಾಕಿ ಯಾರ ಕೈಯಲ್ಲಿದೆ, ಹತ್ತಿರದ ಆಸ್ಪತ್ರೆ ಯಾವುದು, ಹೆಸರುಗಳ ಪಟ್ಟಿ ಕೆಳಗೆ ಯಾರ ಬಳಿ ಉಳಿದಿದೆ. ಚಾರಣಿಗರೇ, ದುಡ್ಡು ಕಟ್ಟುವ ಮೊದಲು ಈ ನಾಲ್ಕನ್ನೂ ಕೇಳಿ. ಉತ್ತರ ಬರದಿದ್ದರೆ ಆ ವಾರ ಆ ಗುಂಪಿನ ಜೊತೆ ಹೋಗಬೇಡಿ.